ರೂತಳ ಹುಳಿ, ನಮ್ಮ ಕಾಚಂಪುಳಿ

ಪ್ರಶ್ನೆ: ವಿರಾಜಪೇಟೆಯವ್ನು, ದೇವಶಾಸ್ತ್ರ ಓದ್ತಿದೀನಿ. ಬೈಬಲ್ಲಿನ ರೂತಳು 2:14ರಲ್ಲಿ ಹೊಲದ ಯಜಮಾನ ಬೋವಜ ರೂತಳನ್ನ ಊಟಕ್ಕೆ ಕರೆದು ರೊಟ್ಟಿ ತುತ್ತನ್ನ ಹುಳೀಲಿ ಅದ್ಕೋ ಅಂತಾನಲ್ಲ, ಹೀಬ್ರೂನಲ್ಲಿ ಹೋಮೆಟ್ಸ್, ಅದನ್ನ ಓದಿದಾಗಿಂದ ಮನೇಲಿರೋ ಕಾಚಂಪುಳಿ, ಅದೇ ನಮ್ಮ ಕೊಡಗಿನ ಅಡುಗೆ ಹುಳಿ, ಅದರ ಬಾಟ್ಲಿನೇ ಕಣ್ಮುಂದೆ. ಎರಡೂ ಒಂದೇ ಥರಾನಾ?

ಉತ್ತರ 1: ಇಲ್ಲ ಕಣೋ, ಅದು ಹುಳಿ ಬಂದ ದ್ರಾಕ್ಷಾರಸ ಇರಬೇಕು. ಬೈಬಲ್ಲಿನದೇ ಅರಣ್ಯಕಾಂಡ 6:3 ನೋಡು, ಎರಡು ಬಗೆ ಹೋಮೆಟ್ಸ್ ಬರುತ್ತೆ.

ಉತ್ತರ 2: ಕಾಚಂಪುಳಿ ಹಣ್ಣಿನ ರಸ, ಕಪ್ಪಗೆ ಮಂದ ಆಗೋವರೆಗೂ ಕಾಯಿಸ್ತಾರೆ. ನಮ್ಮಜ್ಜಿ ಪಂದಿಕರಿಗೆ (ಹಂದಿಮಾಂಸದ ಸಾರಿಗೆ) ಕೊನೇಲಿ ಒಂದೇ ಚಮಚ ಹಾಕೋರು. ಹಾಗೇ ಅದ್ಕೊಂಡ್ರೆ ಹಲ್ಲು ಜುಮ್ ಅನ್ನುತ್ತಪ್ಪ.

ಕೇಳಿದವ್ನು: ಥ್ಯಾಂಕ್ಸ್ ಅಣ್ಣ, ಅಕ್ಕ. ಆದ್ರೂ ತೆನೆ ಆಯೋಕೆ ಬಂದ ಪರದೇಶಿ ಹೆಣ್ಣನ್ನ ಕೊಯ್ಲಿನವರ ಪಕ್ಕ ಕೂರಿಸಿ ಹುರಿದ ಕಾಳು ಕೊಡ್ತಾರೆ, ಅವಳು ಹೊಟ್ಟೆತುಂಬ ತಿಂದು ಉಳಿಸ್ತಾಳೆ, ಅದನ್ನ ಓದೋವಾಗೆಲ್ಲ ನಮ್ಮ ಗದ್ದೆ ಬದೂಗೆ ಅಮ್ಮ ಬುತ್ತಿ ತರ್ತಿದ್ದದ್ದೇ ನೆನಪಾಗುತ್ತೆ.