ಚರ್ಚಿನಲ್ಲಿ ನಮಗೂ ಒಂದು ಕೆಲಸ ಕೊಟ್ಟರು, ಅದಕ್ಕೆ ಈ ಮಾತು

ಮೊನ್ನೆ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಹೊಸ ದೇಶಕ್ಕೆ ಬಂದು ಆರು ತಿಂಗಳಾಯಿತು, ಭಾನುವಾರ ಕಥೋಲಿಕ ಚರ್ಚಿನ ಪೂಜೆಗೆ ಹೋಗಿ ಬರುತ್ತೇವೆ, ಆದರೆ ಅಲ್ಲಿ ನಮ್ಮವರು ಅಂತ ಯಾರೂ ಇಲ್ಲ, ಧರ್ಮಕೇಂದ್ರದಲ್ಲಿ, ಅಂದರೆ ನಾವಿರುವ ಪ್ರದೇಶದ ಚರ್ಚಿನಲ್ಲಿ, ಹೆಸರು ಬರೆಸಬೇಕಾ, ಮಕ್ಕಳಿಗೆ ಅದರಿಂದ ಏನಾದರೂ ಉಪಯೋಗ ಇದೆಯಾ, ನಮ್ಮ ಕನ್ನಡಕ್ಕೆ ಅಲ್ಲಿ ಜಾಗ ಇದೆಯಾ ಅಂತ. ಕೆಳಗೆ ಕೆಲವರು, ಹೆಸರು ಬರೆಸಿದರೆ ಕಾಣಿಕೆಯ ಲಕೋಟೆ ಬರುತ್ತದೆ ಅಷ್ಟೇ ಅಂತ ಬರೆದಿದ್ದರು. ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ನಮ್ಮ ಮನೆಗೆ ಸಿಕ್ಕಿದ್ದು ಏನು ಅಂತ ಹೇಳಿಬಿಡುತ್ತೇನೆ.

ಮೊದಲ ಒಂದು ವರ್ಷ ನಾವೂ ಹಾಗೇ ಇದ್ದೆವು. ಕೊನೆಯ ಬೆಂಚು. ಪೂಜೆ ಶುರುವಾಗುವ ಹೊತ್ತಿಗೆ ಒಳಗೆ, ಕೊನೆಯ ಆಶೀರ್ವಾದ ಆದ ಕೂಡಲೇ ಹೊರಗೆ. ಪೂಜೆಯ ಕ್ರಮ ಎಲ್ಲಾ ಕಡೆ ಒಂದೇ, ಹಾಗಾಗಿ ಮಾತು ಅರ್ಥವಾಗದಿದ್ದರೂ ಈಗ ಏನು ನಡೆಯುತ್ತಿದೆ ಅಂತ ಗೊತ್ತಾಗುತ್ತಿತ್ತು. ಆದರೂ ಯಾರದೋ ಮನೆಗೆ ಬಂದು ಹೊಸ್ತಿಲಲ್ಲೇ ನಿಂತ ಹಾಗೆ ಅನಿಸುತ್ತಿತ್ತು.

ಒಂದು ಭಾನುವಾರ ವಯಸ್ಸಾದ ಒಬ್ಬರು ನಮ್ಮ ಬೆಂಚಿನ ಹತ್ತಿರ ಬಂದರು. ಎಲ್ಲಿಂದ ಬಂದಿರಿ, ಏನು ಕೆಲಸ, ಅದೆಲ್ಲ ಏನೂ ಕೇಳಲಿಲ್ಲ. "ಹಾಡಿನ ಪುಸ್ತಕ ಎತ್ತಿಡಬೇಕು, ನನಗೆ ಬಗ್ಗುವುದು ಕಷ್ಟ, ನಿಮ್ಮ ಮಕ್ಕಳು ಸ್ವಲ್ಪ ಕೈ ಹಾಕುತ್ತಾರಾ?" ಅಂದರು. ಮಕ್ಕಳು ಬೆಂಚಿನಿಂದ ಬೆಂಚಿಗೆ ಓಡಿ ಎತ್ತಿಟ್ಟರು. ಮುಂದಿನ ವಾರ ನಾವು ಬರುವಾಗಲೇ ಅವರು ಬಾಗಿಲಲ್ಲಿ ನಿಂತು ಮಕ್ಕಳನ್ನು ಕಾಯುತ್ತಿದ್ದರು. ಆ ಊರಿನಲ್ಲಿ ನಮ್ಮನ್ನು ಯಾರಾದರೂ ಕಾದಿದ್ದು ಅದೇ ಮೊದಲು. ಇವತ್ತಿಗೂ ಅದನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಹೀಗೆ ಚರ್ಚಿನ ಕೆಲಸಕ್ಕೆ ಕೈ ಹಾಕುವುದನ್ನು ಹೊರದೇಶದಲ್ಲಿ ಸ್ಟೀವರ್ಡ್‌ಶಿಪ್ ಅಂತ ಕರೆಯುತ್ತಾರೆ. ಕೇಳಿದರೆ ದೊಡ್ಡ ಮಾತು ಅನಿಸುತ್ತದೆ, ಆದರೆ ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಅದಕ್ಕೆ ಚೆಂದದ ಪದ ಇದೆ. ಲೂಕನ 16ನೇ ಅಧ್ಯಾಯದಲ್ಲಿ ಬರುವ 'ಮನೆವಾರ್ತೆಯವನು'. ಮನೆ ಯಜಮಾನನದು, ನೋಡಿಕೊಳ್ಳುವ ಜವಾಬ್ದಾರಿ ಇವನದು. ಸಮಯ, ಕೈಯಲ್ಲಿರುವ ಕೆಲಸ, ದುಡ್ಡು, ಯಾವುದೂ ನಮ್ಮ ಸ್ವಂತದ್ದಲ್ಲ, ನೋಡಿಕೊಳ್ಳಲು ಕೊಟ್ಟಿದ್ದು. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿ ಅರ್ಥ ಮಾಡಿಸಲು ನನ್ನಿಂದ ಆಗುತ್ತಿರಲಿಲ್ಲ. ಕೈಗೆ ಕೆಲಸ ಬಿದ್ದ ಮೇಲೆ ತಾನಾಗಿ ಅರ್ಥವಾಯಿತು.

ಮಗನ ವಿಷಯ ಹೇಳುತ್ತೇನೆ. ಅವನಿಗೆ ಆಗ ಒಂಬತ್ತು. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಇಟ್ಟಿರುವ ಪೆಟ್ಟಿಗೆಯ ಪಕ್ಕ ಹಗಲೂ ರಾತ್ರಿ ಒಂದು ದೀಪ ಉರಿಯುತ್ತದೆ ಅಲ್ವಾ, ಕೆಂಪು ಗಾಜಿನದು. ಅದರೊಳಗೆ ಸುಮಾರು ಒಂದು ವಾರ ಬಾಳುವ ಮೇಣದಬತ್ತಿ ಇರುತ್ತದೆ. ಪೂಜೆಯ ಸಾಮಾನು ನೋಡಿಕೊಳ್ಳುವ ಹಿರಿಯರು ಅವನನ್ನು ಕರೆದು, ಮೇಣ ಎಷ್ಟು ಉಳಿದಿದೆ ಅಂತ ಪ್ರತಿ ಭಾನುವಾರ ನೋಡಿ ನನಗೆ ಹೇಳಬೇಕು, ಅದು ನಿನ್ನ ಕೆಲಸ ಅಂದರು. ಮುಗಿಯಲು ಬಂದ ಬತ್ತಿಯಿಂದಲೇ ಹೊಸದನ್ನು ಹೇಗೆ ಹಚ್ಚಬೇಕು, ಬಿಸಿ ಗಾಜನ್ನು ಬಟ್ಟೆಯಲ್ಲಿ ಹೇಗೆ ಹಿಡಿಯಬೇಕು, ಎಲ್ಲ ತೋರಿಸಿಕೊಟ್ಟರು. ಭಾನುವಾರ ಎಬ್ಬಿಸಲು ಅಲ್ಲಿಯವರೆಗೆ ಮೂರು ಸಲ ಕೂಗಬೇಕಿತ್ತು. ಆಮೇಲೆ ಅವನೇ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದ. ಒಂದು ವಾರ ಜ್ವರ ಬಂದು ಮಲಗಿದ್ದಾಗ ಅವನು ಕೇಳಿದ್ದು ಒಂದೇ ಮಾತು, "ಅಮ್ಮಾ, ದೀಪ ಯಾರು ನೋಡ್ತಾರೆ?"

ಈಗ ದುಡ್ಡಿನ ಮಾತು. ಹೆಸರು ಬರೆಸುವುದು ಬರೀ ದುಡ್ಡಿಗೇ ಇರಬೇಕು ಅನ್ನುವ ಅನುಮಾನ ನನ್ನ ಗಂಡನಿಗೂ ಇತ್ತು, ಮುಚ್ಚಿಡುವುದಿಲ್ಲ. ಕಾಣಿಕೆ ಎಣಿಸುವ ತಂಡಕ್ಕೆ ಜನ ಬೇಕು ಅಂದಾಗ ನೋಡೇಬಿಡೋಣ ಅಂತ ಹೋದರು. ಒಬ್ಬರೇ ಎಣಿಸುವಂತಿಲ್ಲ, ಒಂದೇ ಮನೆಯವರು ಇಬ್ಬರು ಇರುವಂತಿಲ್ಲ. ಚೀಲಕ್ಕೆ ಮುದ್ರೆ, ಹಾಳೆಗೆ ಎಲ್ಲರ ಸಹಿ. ಯಾರು ಎಷ್ಟು ಹಾಕಿದರು ಅಂತ ಮನೆಯಲ್ಲಿ ಹೆಂಡತಿಗೂ ಹೇಳುವಂತಿಲ್ಲ, ನನಗೆ ಇವತ್ತಿಗೂ ಹೇಳಿಲ್ಲ. ಆಮೇಲೆ ಹಣಕಾಸು ಸಮಿತಿಗೂ ಕರೆದರು. ಕಥೋಲಿಕ ಧರ್ಮಸಭೆಯ 1983ರ ಕಾನೂನಿನ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ ಅಂಥ ಸಮಿತಿ ಇರಲೇಬೇಕು, ಗುರುಗಳು ಒಬ್ಬರೇ ಲೆಕ್ಕ ಇಟ್ಟುಕೊಂಡು ಕೂರುವ ಹಾಗಿಲ್ಲ, ಜನ ಕೊಟ್ಟ ಕಾಣಿಕೆಯ ಲೆಕ್ಕವನ್ನು ಜನಕ್ಕೆ ತಿಳಿಸಬೇಕು ಅಂತಲೂ ಇದೆ. ಹಾಗೆಯೇ ಇಷ್ಟು ಪಾಲು ಕೊಡಲೇಬೇಕು ಅಂತ ಎಲ್ಲೂ ಇಲ್ಲ. ಅವರವರ ಶಕ್ತಿ ಇದ್ದಷ್ಟು. ನಾವು ಬಂದ ಹೊಸತರಲ್ಲಿ ಕೈ ಬಿಗಿ ಇತ್ತು, ಕೊಡುತ್ತಿದ್ದದ್ದು ತೀರಾ ಕಮ್ಮಿ. ಅದಕ್ಕಾಗಿ ಯಾರೂ ನಮ್ಮನ್ನು ಬೇರೆ ಕಣ್ಣಿಂದ ನೋಡಲಿಲ್ಲ.

ಎಣಿಸುವಾಗ ಸಿಕ್ಕಿದ ಒಂದು ಲಕೋಟೆಯ ಕಥೆ ಮಾತ್ರ, ಯಾರದು ಅಂತ ಹೇಳದೆ, ನನ್ನ ಗಂಡ ಹೇಳಿದ್ದರು. ಮಗುವಿನ ಸೊಟ್ಟ ಅಕ್ಷರದಲ್ಲಿ 'ಮಿಷನ್‌ಗೆ' ಅಂತ ಬರೆದಿತ್ತಂತೆ. ಒಳಗೆ ಚಿಲ್ಲರೆ ಕಾಸು, ಒಂದೊಂದನ್ನೂ ರಟ್ಟಿನ ಮೇಲೆ ಟೇಪ್ ಹಾಕಿ ಸಾಲಾಗಿ ಅಂಟಿಸಿತ್ತು. ಬಿಡಿಸಲು ಎಣಿಸುತ್ತಿದ್ದ ಮೂವರಿಗೂ ಮನಸ್ಸು ಬರದೆ ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ಕೂತರಂತೆ. ಅದು ಅಕ್ಟೋಬರಿನ ಮಿಷನ್ ಭಾನುವಾರ, ದೂರದ ನಾಡುಗಳಲ್ಲಿ ಚರ್ಚು ಮಾಡುವ ಧರ್ಮಪ್ರಚಾರ, ಸೇವೆಗೆ ಕಾಣಿಕೆ ಕೂಡಿಸುವ ದಿನ; 1926ರಲ್ಲಿ ಪೋಪ್ 11ನೇ ಪಯಸ್ ಗೊತ್ತು ಮಾಡಿದ ದಿನ. ಅದರ ಬೇರು ಇನ್ನೂ ಹಿಂದೆ ಹೋಗುತ್ತದೆ. ಫ್ರಾನ್ಸಿನ ಲಿಯೋನ್‌ನಲ್ಲಿ ಪೋಲಿನ್ ಜಾರಿಕೋ ಅನ್ನುವ ಹೆಣ್ಣುಮಗಳು ಹತ್ತು ಹತ್ತು ಜನರ ಗುಂಪು ಮಾಡಿ, ವಾರಕ್ಕೊಂದು ಚಿಕ್ಕ ಕಾಸು ಕೂಡಿಸಿ, ದೂರದ ಮಿಷನ್‌ಗಳಿಗೆ ಕಳಿಸುವ ದಾರಿ ಮಾಡಿದಳು. 1822ರಲ್ಲಿ ಅದೇ ಒಂದು ಸಂಘವಾಯಿತು. ಕಾಸು ಕೊಟ್ಟವರಲ್ಲಿ ಕೂಲಿ ಮಾಡುವ ಹೆಂಗಸರು ಎಷ್ಟೋ ಜನ. 2022ರ ಮೇ ತಿಂಗಳಲ್ಲಿ ಅವಳನ್ನು ಧನ್ಯಳೆಂದು ಘೋಷಿಸಿದರು, ಅದು ಸಂತ ಪದವಿಗೆ ಮುಂಚಿನ ಮೆಟ್ಟಿಲು. ಆ ರಾತ್ರಿ ಊಟಕ್ಕೆ ಕೂತಾಗ ಮಕ್ಕಳಿಗೆ ಈ ಕಥೆ ಹೇಳಿದೆವು. ಮಾರನೇ ದಿನ ಮಗಳು ತನ್ನ ಮೇಜಿನ ಮೇಲೆ ಒಂದು ಖಾಲಿ ಡಬ್ಬಿ ಇಟ್ಟಿದ್ದಳು.

ನಾನು ಸೇರಿದ್ದು ಸಂತ ವಿನ್ಸೆಂಟ್ ದ ಪಾಲ್ ಸಂಘಕ್ಕೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು. ಶುರು ಮಾಡಿದವರಲ್ಲಿ ಮುಖ್ಯರಾದ ಫ್ರೆಡ್ರಿಕ್ ಓಜಾನಾಮ್‌ಗೆ ಆಗ ಬರೀ 20 ವರ್ಷ. ಇಬ್ಬಿಬ್ಬರಾಗಿ ಕಷ್ಟದಲ್ಲಿರುವವರ ಮನೆಗೆ ಹೋಗಿ ಕೂತು ಮಾತಾಡುವುದು ಅದರ ಮೊದಲ ಕೆಲಸ. ಹೊಸದಾಗಿ ದೇಶಕ್ಕೆ ಬಂದ ಮನೆಗೆ ಹೋದಾಗ, ಆ ತಾಯಿಯ ಮುಖದಲ್ಲಿ ನನ್ನದೇ ಮೊದಲ ವರ್ಷ ಕಂಡಿತು. ಜಾಸ್ತಿ ಏನೂ ಹೇಳಲಿಲ್ಲ, ಮಗುವನ್ನು ಎತ್ತಿಕೊಂಡು ಕೂತೆ.

ಕನ್ನಡದ ಬಗ್ಗೆಯೂ ಕೇಳಿದ್ದಿರಿ. ಯೇಸುವಿನ ಶಿಷ್ಯರು ಹಲವು ಭಾಷೆಯಲ್ಲಿ ಮಾತಾಡಿದ್ದನ್ನು ನೆನೆಯುವ ಪವಿತ್ರಾತ್ಮರ ಹಬ್ಬದ ದಿನ ನಮ್ಮ ಧರ್ಮಕೇಂದ್ರದಲ್ಲಿ ವಿಶ್ವಾಸಿಗಳ ಪ್ರಾರ್ಥನೆಯನ್ನು, ಅಂದರೆ ಎಲ್ಲರಿಗಾಗಿ ಬೇಡುವ ಸಾಲುಗಳನ್ನು, ಬೇರೆ ಬೇರೆ ಭಾಷೆಯಲ್ಲಿ ಓದುತ್ತಾರೆ. ಒಂದು ವರ್ಷ ಮಗಳನ್ನು ಕೇಳಿದರು. ಅವಳಿಗೆ ಕನ್ನಡ ಅಕ್ಷರ ಅರ್ಧಂಬರ್ಧ ಬರುತ್ತಿತ್ತು. ಎರಡು ವಾರ ಕೂತು ಮೂರು ಸಾಲು ಕಲಿತಳು, 'ಪ್ರಾರ್ಥಿಸೋಣ' ಅನ್ನುವಾಗ ನಾಲಿಗೆ ತೊಡರುತ್ತಿತ್ತು. ಆ ದಿನ ಮೈಕಿನ ಮುಂದೆ ನಿಂತು ತೊಡರದೆ ಓದಿದಳು. ಇಡೀ ಚರ್ಚು ಅವರ ಭಾಷೆಯಲ್ಲಿ ಉತ್ತರ ಕೊಟ್ಟಿತು. ನಮ್ಮ ಕನ್ನಡಕ್ಕೆ ಅಲ್ಲಿ ಒಂದು ಜಾಗ ಇದೆ ಅಂತ ಅವಳಿಗೆ ನಾನು ಹೇಳಬೇಕಾಗಲಿಲ್ಲ.

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ, ಹೆಸರು ಬರೆಸಿ. ಈ ಭಾನುವಾರ ಪೂಜೆ ಮುಗಿದ ಮೇಲೆ ಐದು ನಿಮಿಷ ನಿಲ್ಲಿ, ಆಫೀಸಿನಲ್ಲಿ ಫಾರ್ಮ್ ತೆಗೆದುಕೊಳ್ಳಿ, ನಮಗೂ ಮಕ್ಕಳಿಗೂ ಏನಾದರೂ ಕೆಲಸ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಒಂದೇ ಕೆಲಸ ಹಿಡಿಯಿರಿ, ಚಿಕ್ಕ ಮಕ್ಕಳಿರುವಾಗ ಅಷ್ಟು ಸಾಕು. ನಿಮ್ಮ ಮಕ್ಕಳಿಗೆ ಎಷ್ಟು ವಯಸ್ಸು ಅಂತ ಇಲ್ಲಿ ಬರೆಯಿರಿ, ಆ ವಯಸ್ಸಿಗೆ ಯಾವುದು ಹಿಡಿಸಬಹುದು ಅಂತ ನಾನೂ ಉಳಿದವರೂ ಹೇಳುತ್ತೇವೆ.