ಸಹಾಯ ಬೇಕು: ಬೂಷ್ಟು ಹಿಡಿದ ಮಿನಿ ಡಿವಿ ಕ್ಯಾಸೆಟ್‌ಗಳು

ಎಲ್ಲರಿಗೂ ನಮಸ್ಕಾರ. ಸಾಗರದ ಹುಡುಗರ ಹಳೇ ರಾಕ್ ಬ್ಯಾಂಡ್ ಒಂದರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ಗಣಪತಿ ಪೆಂಡಾಲ್, ಕಾಲೇಜ್ ಡೇಗಳಲ್ಲಿ ಅವರು ನುಡಿಸಿದ್ದೆಲ್ಲ ಮಿನಿ ಡಿವಿ ಎಂಬ ಪುಟ್ಟ ವಿಡಿಯೋ ಕ್ಯಾಸೆಟ್‌ಗಳಲ್ಲಿದೆ. ಡ್ರಮ್ಮರ್ ಮನೆಯ ಅಟ್ಟದಲ್ಲಿ ಅಡಿಕೆ ಚೀಲದ ಪಕ್ಕ ಬಿದ್ದಿದ್ದವು. ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಕೆಲವು ಟೇಪ್‌ಗಳ ಅಂಚಿಗೆ ಬಿಳಿ ಬೂಷ್ಟು ಬಂದಿದೆ. ಹಾಗೇ ಹಾಕಿದರೆ ಪ್ಲೇಯರ್‌ನ ಹೆಡ್ಡೂ ಕೆಡಬಹುದು, ಟೇಪೂ ಹರಿಯಬಹುದು. ಅದಕ್ಕೇ ಇನ್ನೂ ಹಾಕಿ ನೋಡಿಲ್ಲ.

ಶಿವಮೊಗ್ಗ, ತೀರ್ಥಹಳ್ಳಿ ಕಡೆ ಇದನ್ನು ಕ್ಲೀನ್ ಮಾಡುವವರು ಇದ್ದಾರಾ? ಹಳೇ ಮದುವೆ ವಿಡಿಯೋದವರು ಯಾರಾದರೂ ಗೊತ್ತಿದ್ದರೂ ಹೇಳಿ, ಅವರ ಕೈ ಪಳಗಿರುತ್ತದೆ. ಟೇಪ್‌ನಿಂದ ಕಂಪ್ಯೂಟರ್‌ಗೆ ವಿಡಿಯೋ ಇಳಿಸಲು ಫೈರ್‌ವೈರ್ (ಕಂಪ್ಯೂಟರ್‌ಗೆ ಕೇಬಲ್ ಜೋಡಿಸುವ ಹಳೇ ಪೋರ್ಟ್) ಇರುವ ಮಿನಿ ಡಿವಿ ಕ್ಯಾಮ್‌ಕಾರ್ಡರ್ ಕೂಡ ಬಾಡಿಗೆಗೆ ಬೇಕು. ಒಂದು ಗಂಟೆಯ ಟೇಪ್ ಇಳಿಸಲು ಒಂದು ಗಂಟೆಯೇ ಹಿಡಿಯುತ್ತದೆ, ಜಾಗ ಸುಮಾರು 13 ಜಿಬಿ. ಹಾಗಾಗಿ ಒಂದು ವಾರಕ್ಕಾದರೂ ಸಿಗಬೇಕು. ಬಾಡಿಗೆ ಮುಂಗಡವಾಗಿಯೇ ಕೊಡುತ್ತೇನೆ.