‘ಥಿಯೇಟ್ರಿಕಲ್’ಗೆ ಕನ್ನಡ ಎಂತ? ‘ನಾಟಕೀಯ’ ಹಾಕಿ ಸಿಕ್ಕಿಬಿದ್ದಿದ್ದೇನೆ (ನಾಳೆ ಸಂಜೆಗೆ ಬೇಕು)

ಕುಂಜಿಬೆಟ್ಟು, ಉಡುಪಿ. ಮಂಗಳವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಿತ್ತು, ಅದೂ ನಾಳೆ ಸಂಜೆ ಐದರೊಳಗೆ.

ಇಲ್ಲಿಯ ಕಾಲೇಜೊಂದರಲ್ಲಿ ಶುಕ್ರವಾರದಿಂದ ಮೂರು ದಿನ ಸಿನಿಮಾ ತೋರಿಸುತ್ತಾರೆ. ಹೊರಗಿನ ಜಗಲಿಯಲ್ಲಿ ಹನ್ನೆರಡು ಫಲಕ ನಿಲ್ಲಿಸುವುದುಂಟು, ಬೇರೆ ಬೇರೆ ದೇಶದ ನಟನೆಯ ಬಗ್ಗೆ. ಇಂಗ್ಲಿಷ್ ಬರಹ ಬೇರೆಯವರದ್ದು, ಕನ್ನಡ ನನ್ನದು. ಹನ್ನೊಂದು ಮುಗಿಸಿದೆ, ಏಳನೆಯದು ಬಾಕಿ. ಜಪಾನಿ ನಿರ್ದೇಶಕ ಕುರೊಸಾವಾ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯನ್ನು ಜಪಾನಿಗೆ ಎಳೆದು 1957ರಲ್ಲಿ ಮಾಡಿದ ಸಿನಿಮಾದ ಫಲಕ ಅದು. ಲೇಡಿ ಮ್ಯಾಕ್‌ಬೆತ್‌ನ ಜಾಗದಲ್ಲಿರುವ ಹೆಂಗಸಿನ ಪಾತ್ರ ಇಸುಝು ಯಮಾಡಾ ಅವರದ್ದು. ನೋಡಿದವರಿಗೆ ನೆನಪಿರಬಹುದು. ಮುಖ ಅಂದರೆ ಮುಖವಾಡವೇ. ನಡೆಯುವಾಗ ಹಿಮ್ಮಡಿ ನೆಲ ಬಿಡುವುದಿಲ್ಲ, ರೇಷ್ಮೆ ಬಟ್ಟೆ ಸರ್ರೆಂದು ಎಳೆದ ಸದ್ದು ಮಾತ್ರ ಕೇಳುತ್ತದೆ. ಜಪಾನಿನ ಹಳೆಯ ಮುಖವಾಡದ ನಾಟಕ ಉಂಟಲ್ಲ, ‘ನೋ’ ಅಂತ, ಆ ರಂಗದ ನಡಿಗೆ. ಕುರೊಸಾವಾ ತನ್ನ ನಟರಿಗೆ ನೋ ಮುಖವಾಡಗಳ ಚಿತ್ರ ತೋರಿಸಿ, ಇದೇ ನಿಮ್ಮ ಪಾತ್ರ ಅಂದಿದ್ದರಂತೆ.

ಈ ಅಭಿನಯಕ್ಕೆ ಮೂಲದಲ್ಲಿ ‘ಥಿಯೇಟ್ರಿಕಲ್’ ಅಂತ ಉಂಟು, ಹೊಗಳಿಕೆಯಾಗಿ. ನಾನು ‘ನಾಟಕೀಯ ಅಭಿನಯ’ ಅಂತ ಹಾಕಿ, ಊಟದ ಹೊತ್ತಿಗೆ ಮಾವನಿಗೆ ಓದಿ ಹೇಳಿದೆ. ಅವರು ಯಕ್ಷಗಾನ ಆಟದ ಮರುಳು, ಈಗಲೂ ಬೆಳಗಿನವರೆಗೆ ಕೂರುವವರು. ಅನ್ನ ಕಲಸುವ ಕೈ ನಿಲ್ಲಿಸಿ, ‘ಅಷ್ಟು ಕೆಟ್ಟದಾಗಿ ಮಾಡಿದ್ದಾಳಾ ಪಾಪ?’ ಅಂದರು.

ಇನ್ನೊಂದು ತೊಡಕು. ತಲೆಬರಹ ಒಂದೇ ಸಾಲು, ಹನ್ನೆರಡು ಅಕ್ಷರ ದಾಟಬಾರದು. ‘ಥಿಯೇಟ್ರಿಕಲ್’ ಅಂತಲೇ ಇಡೋಣ ಅಂದರೆ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ‘ಟ್ರಿ’ಯ ಒತ್ತು ಕಳಚಿ ಪಕ್ಕದಲ್ಲಿ ಬೀಳುತ್ತದೆ.

ಕೊಡಿಯಾಲಬೈಲು, ಮಂಗಳೂರು. ರಾತ್ರಿ 9.52

ರಂಗಾತ್ಮಕ. ಮುಗೀತಲ್ಲ.

ಸುರತ್ಕಲ್. ರಾತ್ರಿ 10.31

ಎಂತ ಮುಗಿದದ್ದು ಶೆಟ್ರೇ? ‘ರಂಗಾತ್ಮಕ’ದಲ್ಲಿ ಆತ್ಮ ಯಾರದ್ದು? ‘ಆತ್ಮಕ’, ‘ಈಯ’, ‘ಇಕ’ ಅಂತ ಸಿಕ್ಕಿದ್ದಕ್ಕೆಲ್ಲ ಬಾಲ ಕಟ್ಟಿದರೆ ಅದು ಕನ್ನಡ ಆಗುವುದಿಲ್ಲ. ಮುದ್ದಣನ ಮನೋರಮೆ ಆಗಲೇ ಹೇಳಿದ್ದಾಳೆ, ನೀರಿಳಿಯದ ಗಂಟಲಲ್ಲಿ ಕಡುಬು ತುರುಕಬೇಡಿ ಅಂತ. ಹೇಳಿದ್ದು ಇದೇ ಉಡುಪಿ ಸೀಮೆಯಲ್ಲಿ ಕುಳಿತು.

ಬೇರಿನಿಂದ ಯೋಚನೆ ಮಾಡಿ. ಥಿಯೇಟರ್ ಅನ್ನುವುದರ ಗ್ರೀಕ್ ಮೂಲಕ್ಕೆ ಅರ್ಥ ‘ನೋಡುವ ಜಾಗ’. ನಮ್ಮಲ್ಲಿ ನೋಡು, ನೋಟ ಇವೆ. ಹಾಗಾಗಿ ‘ನೋಟಗಾರಿಕೆ’. ಅಚ್ಚ ಕನ್ನಡ, ಐದೇ ಅಕ್ಷರ. ಇನ್ನು ‘ನಟ’ ಕೂಡ ನಮ್ಮದೇ, ಯಾರೂ ಒಪ್ಪುವುದಿಲ್ಲ ಅಷ್ಟೆ. ನಡೆಯುವವನೇ ನಟ. ತಮಿಳಿನಲ್ಲಿ ಇವತ್ತಿಗೂ ‘ನಡಿ’ ಅಂದರೆ ನಟಿಸು. ಇದರ ಮೇಲೆ ನಾನು ಹಿಂದೊಮ್ಮೆ ಇಲ್ಲಿಯೇ ಉದ್ದಕ್ಕೆ ಬರೆದಿದ್ದೆ, ಯಾರೂ ಓದಿದ ಹಾಗಿಲ್ಲ.

ಮೂಡುಬಿದಿರೆ. ರಾತ್ರಿ 11.05

ಓದಿದ್ದೆ ಭಟ್ರೇ, ಆಗಲೂ ತಪ್ಪೇ ಇತ್ತು. ನೃತ ಹೋಗಿ ನಟ, ಭೃತ ಹೋಗಿ ಭಟ. ಋಕಾರ ಪ್ರಾಕೃತದ ಬಾಯಲ್ಲಿ ಸವೆದಾಗ ಮುಂದಿನ ತಕಾರ ಮೂರ್ಧನ್ಯ, ಅಂದರೆ ಟಕಾರ, ಆಗುವುದಕ್ಕೆ ಇದು ಪಾಠದ ಉದಾಹರಣೆ. ತಮಿಳಿನ ‘ನಡಿ’ ಅಲ್ಲಿಂದಲೇ ದಕ್ಷಿಣಕ್ಕೆ ಬಂದದ್ದು. ನಡೆಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ನಡೆಯುವವನೆಲ್ಲ ನಟ ಆದರೆ ನಮ್ಮೂರ ಅಂಚೆಯವನಿಗೆ ಪ್ರಶಸ್ತಿ ಕೊಡಬೇಕು.

ಮನೋರಮೆಯ ಕಡುಬನ್ನು ಎಲ್ಲರೂ ಹಂಚುತ್ತಾರೆ, ಮುದ್ದಣನ ಒಪ್ಪಂದವನ್ನು ಯಾರೂ ಹೇಳುವುದಿಲ್ಲ. ಕರಿಮಣಿ ಸರದಲ್ಲಿ ಹವಳ ಕೋದ ಹಾಗೆ ಎಡೆಯೆಡೆಯಲ್ಲಿ ಸಕ್ಕದದ (ಸಂಸ್ಕೃತದ) ನಲ್ನುಡಿಯೂ ಮೆರೆಯಲಿ ಅಂತಲ್ಲವೇ ತೀರ್ಮಾನ ಆದದ್ದು? ‘ನೋಟಗಾರಿಕೆ’ ಓದಿದವರು ಬ್ಯಾಂಕಿನ ನೋಟಿನ ವ್ಯವಹಾರ ಅಂದುಕೊಂಡಾರು.

ಪದ ಇದ್ದೇ ಇದೆ: ನಾಟ್ಯಧರ್ಮಿ. ಲೋಕದಲ್ಲಿ ಇದ್ದ ಹಾಗೆ ಮಾಡುವುದು ಲೋಕಧರ್ಮಿ, ರಂಗದ ಕಟ್ಟಿಗೆ ಒಗ್ಗಿಸಿ ಮಾಡುವುದು ನಾಟ್ಯಧರ್ಮಿ. ನಾಟ್ಯಶಾಸ್ತ್ರದ ಭರತನ ಈ ಜೋಡಿಯಲ್ಲಿ ಒಂದು ಮೇಲು ಒಂದು ಕೀಳು ಅಂತ ಇಲ್ಲ, ಅದೇ ಅದರ ಸೊಗಸು. ಇಂಗ್ಲಿಷ್ ಮಾತಿನಲ್ಲಿ ಹಾಗಲ್ಲ. ಅದರ ಒಳಗೆ ‘ಸಹಜ ನಟನೆಯೇ ಅಳತೆಗೋಲು’ ಅನ್ನುವ ನಂಬಿಕೆ ಅಡಗಿ ಕೂತಿದೆ. ಮಾಸ್ಕೋದಲ್ಲಿ ಸ್ಟಾನಿಸ್ಲಾವ್‌ಸ್ಕಿ ಮತ್ತು ಗೆಳೆಯರು 1898ರಲ್ಲಿ ರಂಗಮಂದಿರ ಕಟ್ಟಿ ಬೆಳೆಸಿದ ಆ ಸಹಜತೆ ಸಿನಿಮಾಕ್ಕೆ ಹೇಳಿ ಮಾಡಿಸಿದ ಹಾಗಾಯಿತು. ಆಮೇಲೆ ಉಳಿದದ್ದೆಲ್ಲ ‘ಥಿಯೇಟ್ರಿಕಲ್’. ಅದೇ ಮಾಸ್ಕೋಕ್ಕೆ 1935ರಲ್ಲಿ ಚೀನದ ನಟ ಮೇ ಲಾನ್‌ಫಾಂಗ್ ಬಂದರು, ಗಂಡಸು, ಹೆಣ್ಣಿನ ಪಾತ್ರಕ್ಕೆ ಹೆಸರಾದವರು. ಜರ್ಮನ್ ನಾಟಕಕಾರ ಬ್ರೆಕ್ಟ್ ನೋಡಿ, ನಟ ತನ್ನನ್ನೇ ದೂರದಿಂದ ನೋಡಿಕೊಳ್ಳುತ್ತಾನಲ್ಲ ಅಂತ ಬೆರಗಾಗಿ ಬರೆದರು. ಪೀಕಿಂಗಿನ ಪ್ರೇಕ್ಷಕನಿಗೆ ಅದು ದೂರವೂ ಅಲ್ಲ, ಬೆರಗೂ ಅಲ್ಲ, ದಿನದ ಊಟ. ದೂರ ಇದ್ದದ್ದು ಬ್ರೆಕ್ಟ್ ಕೂತ ಕುರ್ಚಿಗೆ.

ಕೋಟ. ಬುಧವಾರ ಬೆಳಿಗ್ಗೆ 6.15

ಅಕ್ಕ, ನಿಮ್ಮ ಮಾವ ಹೇಳಿದ್ದು ಸರಿ ಉಂಟು. ಆದರೆ ಅವರು ಹೇಳಿದ್ದು ನೀವು ಅಂದುಕೊಂಡದ್ದಲ್ಲ.

ನಾನು ಯಕ್ಷಗಾನ ಮೇಳದಲ್ಲಿ ಹದಿನಾಲ್ಕು ತಿರುಗಾಟ ಮದ್ದಳೆಗೆ ಕೂತವ. ಸಿನಿಮಾ ವಿಮರ್ಶೆಯಲ್ಲಿ ‘ನಾಟಕೀಯ’ ಅಂದರೆ ಅತಿಯಾಯಿತು, ಬದುಕಿನಿಂದ ದೂರ ಹೋಯಿತು ಅಂತ. ಚೌಕಿಯಲ್ಲಿ, ಅಂದರೆ ನಾವು ಬಣ್ಣ ಹಚ್ಚಿ ವೇಷ ಕಟ್ಟುವಲ್ಲಿ, ಅದೇ ಮಾತು ಪೂರಾ ತಿರುಗಾಮುರುಗ. ನಮ್ಮಲ್ಲಿ ‘ನಾಟಕೀಯ ವೇಷ’ ಅಂದರೆ ಕಂಪೆನಿ ನಾಟಕದ ಕಡೆಯಿಂದ ಬಂದ ಉಡುಪು, ಜರಿ ಅಂಗಿಯ ರಾಜ. ‘ಅವ ನಾಟಕ ಮಾಡಿದ’ ಅಂದರೆ ತಾಳ ಬಿಟ್ಟು, ಕಟ್ಟು ಬಿಟ್ಟು, ಮನೆಯಲ್ಲಿ ಮಾಡುವ ಹಾಗೆ ಮಾಡಿದ ಅಂತ. ಬದುಕಿಗೆ ಹತ್ತಿರ ಹೋದ ಅಂತ ಬೈಗಳು!

ಕಣ್ಣಾರೆ ಕಂಡದ್ದು ಹೇಳ್ತೇನೆ. ಅಭಿಮನ್ಯು ಕಾಳಗ. ಮಗ ಯುದ್ಧಕ್ಕೆ ಹೊರಟ, ಸುಭದ್ರೆ ತಡೀತಾಳೆ. ನಮ್ಮ ಹಿರಿಯ ಸ್ತ್ರೀವೇಷದವರು ಸೆರಗಿನ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಕಣ್ಣಿನ ಹತ್ತಿರ ತರುತ್ತಿದ್ದರು. ಮುಟ್ಟಿಸುತ್ತಿರಲಿಲ್ಲ. ಅಲ್ಲಿಗೆ ನಿಲ್ಲಿಸಿ, ಹೆಗಲು ಒಂದು ಇಷ್ಟು ಇಳಿಸುವುದು. ಉಳಿದ ಅಳು ಭಾಗವತರ ಪದದಲ್ಲಿ, ನನ್ನ ಎಡಗೈಯಲ್ಲಿ. ಅವರಿಗೆ ಜ್ವರ ಬಂದ ಒಂದು ರಾತ್ರಿ ಹೊಸ ಹುಡುಗ ವೇಷ ಮಾಡಿದ. ನಿಜವಾಗಿ ಅತ್ತ. ಕಾಡಿಗೆ ಹರಿದು ಗಲ್ಲದವರೆಗೆ ಬಂತು, ಬಿಕ್ಕಳಿಕೆಯಲ್ಲಿ ಪದದ ಎತ್ತುಗಡೆ ತಪ್ಪಿತು. ಜನ ಚಪ್ಪಾಳೆ ಹೊಡೆದರು, ಎದುರು ಕೂತ ಹೆಂಗಸರು ಕಣ್ಣೊರೆಸಿಕೊಂಡರು. ಚೌಕಿಗೆ ಬಂದಾಗ ಎರಡನೇ ವೇಷದವರು ಕನ್ನಡಿಯಿಂದ ಮುಖ ತಿರುಗಿಸದೆ ಕೇಳಿದ್ದು ಒಂದೇ ಮಾತು: ‘ಎಂತದಾ, ಇವತ್ತು ನಾಟಕವಾ?’ ಹುಡುಗ ಎರಡು ದಿನ ಮಾತಾಡಲಿಲ್ಲ.

ಒಂದೇ ಪದ, ಎರಡು ಕಡೆಯೂ ಬೈಗಳು, ದಿಕ್ಕು ಮಾತ್ರ ಬೇರೆ ಬೇರೆ. ಸಿನಿಮಾದವರಿಗೂ ನಮಗೂ ನಾಟಕ ಅಂದರೆ ಪಕ್ಕದ ಮನೆ. ಅಲ್ಲಿಯ ಸಾರು ಇಬ್ಬರಿಗೂ ರುಚಿಯಿಲ್ಲ, ಒಬ್ಬನಿಗೆ ಉಪ್ಪು ಹೆಚ್ಚು, ಇನ್ನೊಬ್ಬನಿಗೆ ಕಡಿಮೆ. ಹಾಗಾಗಿ ‘ನಾಟಕೀಯ’ ಹಾಕಿದರೆ ಫಲಕ ನೋಡುವವರಲ್ಲಿ ಅರ್ಧ ಜನ ಒಂದು ತಿಳಿಯುತ್ತಾರೆ, ಅರ್ಧ ಜನ ಅದರ ವಿರುದ್ಧ. ಉಡುಪಿಯಲ್ಲಂತೂ ಖಂಡಿತ.

ನಾಟ್ಯಧರ್ಮಿ ಚಂದ ಉಂಟು ಮೇಷ್ಟ್ರೇ, ಆದರೆ ಫ್ಲೆಕ್ಸಿನಲ್ಲಿ ‘ಧರ್ಮಿ’ ಕಂಡ ಮಕ್ಕಳು ಇದು ಯಾವ ಧರ್ಮ ಅಂತ ಕೇಳ್ತಾರೆ.

ನಾನು ಹೇಳುವ ಪದ ಗತ್ತು. ಗತ್ತುಗಾರಿಕೆ. ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಇದು ಹೊಗಳಿಕೆ. ಜಪಾನಿನದ್ದೇ ಇನ್ನೊಂದು ರಂಗಕಲೆ ಕಬುಕಿ, ಅದರ ಒಂದು ವಿಡಿಯೊ ನೋಡಿದ್ದೆ. ಜಗಳದ ತುತ್ತತುದಿಯಲ್ಲಿ ನಟ ತಲೆಯನ್ನು ಒಂದು ಸುತ್ತು ತಿರುಗಿಸಿ ತಟ್ಟನೆ ನಿಲ್ಲಿಸುತ್ತಾನೆ, ಒಂದು ಕಣ್ಣಿನ ಗುಡ್ಡೆ ಮೂಗಿನ ಕಡೆಗೆ ಹೋಗುತ್ತದೆ. ಬದಿಯಲ್ಲಿ ಒಬ್ಬ ಎರಡು ಮರದ ತುಂಡು ಹಿಡಿದು ಹಲಗೆಗೆ ಪಟಪಟ ಬಡಿಯುತ್ತಾನೆ, ಸಭೆಯಿಂದ ಯಾರೋ ನಟನ ಮನೆತನದ ಹೆಸರು ಕೂಗುತ್ತಾರೆ. ಅದಕ್ಕೆ ಅಲ್ಲಿ ‘ಮಿಯೆ’ ಅಂತಾರಂತೆ. ನಮ್ಮ ಬಣ್ಣದ ವೇಷ ತೆರೆ ಸರಿಸಿ ಮುಖ ಕೊಡುವಾಗ ಚೆಂಡೆ ಬೀಳುವುದಿಲ್ಲವಾ? ಅದೇ. ಅದು ಗತ್ತು.

ಕೊಡಿಯಾಲಬೈಲು. ಬೆಳಿಗ್ಗೆ 8.20

ಸಾರು, ಉಪ್ಪು ಎಲ್ಲ ಸರಿ. ಆದರೆ ಗತ್ತು ಅಂದರೆ ಪೇಟೆಯಲ್ಲಿ ಜಂಬ. ‘ಅವನ ಗತ್ತು ನೋಡಿ’ ಅಂತ ಯಾರನ್ನು ಹೊಗಳುತ್ತಾರೆ? ಕಬುಕಿಗೆ ಬೇಕಾದರೆ ಹೊಂದೀತು. ಫಲಕ ಇರುವುದು ನೋ ನಡಿಗೆಯ ಮೇಲೆ, ಅಲ್ಲಿ ಇರುವುದು ಅಡಗಿಸುವುದು, ಮೆರೆಸುವುದಲ್ಲ.

ನನ್ನ ಕೇಳಿದರೆ ‘ಥಿಯೇಟ್ರಿಕಲ್’ ಅಂತಲೇ ಹಾಕಿ, ಫ್ಲೆಕ್ಸ್ ಅಂಗಡಿ ಬದಲಾಯಿಸಿ. ಸಿನಿಮಾ ಎರವಲು, ಕ್ಯಾಮರಾ ಎರವಲು, ರಂಗ ಎರವಲು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಒಂದೇ ಬಸ್ಸಿನಲ್ಲಿ ಹೋಗುವ ಊರು ಇದು. ಬಂಗುಡೆ, ಬೂತಾಯಿಗೆ ಅಚ್ಚಗನ್ನಡ ಹುಡುಕಿಕೊಂಡು ದಕ್ಕೆಗೆ ಹೋದರೆ ಭಟ್ರಿಗೆ ಯಾರೂ ಮೀನು ಕೊಡಲಿಕ್ಕಿಲ್ಲ.

ಸುರತ್ಕಲ್. ಬೆಳಿಗ್ಗೆ 8.41

ನನಗೆ ಮೀನು ಬೇಡ.

ಸಾಲ ಮಾಡಿ ತುಪ್ಪ ತಿನ್ನುವವರ ಮಾತು ಇದು. ತುಳುವಿನಿಂದ ಬಂದದ್ದು ಸಾಲ ಅಲ್ಲ, ಅಕ್ಕತಂಗಿಯರ ಮನೆಯಿಂದ ಬಂದ ಪಲ್ಯ. ಸಂಸ್ಕೃತ, ಇಂಗ್ಲಿಷಿನದ್ದು ಹಾಗಲ್ಲ. ಗತ್ತು ಬೇಕಾದರೆ ಒಪ್ಪುತ್ತೇನೆ, ಕೇಳಿದರೇ ಗೊತ್ತಾಗುತ್ತದೆ ಅದು ಕನ್ನಡದ ಕೂಸು ಅಂತ.

ಮೂಡುಬಿದಿರೆ. ಬೆಳಿಗ್ಗೆ 9.02

‘ಕೇಳಿದರೇ ಗೊತ್ತಾಗುತ್ತದೆ’ ಅನ್ನುವುದು ಆಧಾರ ಅಲ್ಲ. ‘ಗತಿ’ಯ ಮಗ ಅಂತ ನಾನೂ ಹೇಳಬಹುದು. ಕಿಟೆಲರ ಕನ್ನಡ-ಇಂಗ್ಲಿಷ್ ಕೋಶ 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ. ಆ ದಪ್ಪ ಪುಸ್ತಕದ ಮೇಲೆ ಕೈಯಿಟ್ಟು ಹೇಳಿ, ‘ಕೂಸು’ ಯಾರದ್ದೆಂದು.

ಬಂಟ್ವಾಳ. ಬೆಳಿಗ್ಗೆ 10.30

ಪಾಪ, ಆ ಹುಡುಗಿಗೆ ಐದು ಗಂಟೆಗೆ ಪದ ಬೇಕು. ನೀವು ಮೂವರು ಕಡುಬು, ಮೀನು, ಪಲ್ಯ ಅಂತ ಊಟಕ್ಕೆ ಕೂತಿದ್ದೀರಿ.

ನಮ್ಮ ತಾಲೂಕಿನ ಮಂಚಿಯವರು ರಂಗ ನಿರ್ದೇಶಕ ಬಿ. ವಿ. ಕಾರಂತರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ 1979ರಲ್ಲಿ ‘ಬರ್ನಮ್ ವನ’ ಮಾಡಿಸಿದರು. ಅದೂ ಮ್ಯಾಕ್‌ಬೆತ್, ಹಿಂದಿಯಲ್ಲಿ, ಯಕ್ಷಗಾನದ ಹೆಜ್ಜೆ ಇಟ್ಟು. ಕುರೊಸಾವಾ ನೋಗೆ ಒಯ್ದದ್ದನ್ನು ಇವರು ಆಟಕ್ಕೆ ತಂದರು. ಆ ಪ್ರಯೋಗದ ಬಗ್ಗೆ ಮಾತಾಡುವಾಗ ನಾವು ‘ರಂಗಾತ್ಮಕ’ ಅಂತೇವಾ? ‘ಯಕ್ಷಗಾನದ ನಡೆಯಲ್ಲಿ ಮಾಡಿದ್ದಾರೆ’ ಅಂತೇವೆ. ಎಲ್ಲಿಯ ನಡೆ ಅಂತ ಗೊತ್ತಿರುವಾಗ ಅದರ ಹೆಸರು ಹೇಳಿದರೆ ಸಾಕು. ಗೊತ್ತಿಲ್ಲದವನಿಗೆ ಮಾತ್ರ ‘ಥಿಯೇಟ್ರಿಕಲ್’ ಬೇಕಾಗುವುದು.

ಸಿನಿಮಾ ಮಾಡುವಾಗಲೂ ಅವರು ಈ ಗೆರೆ ಅಳಿಸಿದ್ದಾರೆ. 1975ರ ‘ಚೋಮನ ದುಡಿ’ಯಲ್ಲಿ ವಾಸುದೇವ ರಾಯರು ದುಡಿ ಬಡಿಯುವುದನ್ನು ನೆನಪು ಮಾಡಿಕೊಳ್ಳಿ. ರಾಷ್ಟ್ರಪ್ರಶಸ್ತಿ ಬಂದ ನಟನೆ. ಅದು ಸಹಜವಾ, ರಂಗದ್ದಾ? ನನಗೆ ಇವತ್ತಿಗೂ ಹೇಳಲಿಕ್ಕೆ ಬರುವುದಿಲ್ಲ.

ಮಗಾ, ವಿಶೇಷಣ ಬಿಟ್ಟುಬಿಡು. ‘ನೋ ನಡೆಯ ಅಭಿನಯ’ ಅಂತ ಬರೆ.

ಕುಂಜಿಬೆಟ್ಟು. ಮಧ್ಯಾಹ್ನ 3.10

ಎಲ್ಲರಿಗೂ ಉಪಕಾರ ಆಯಿತು. ಬಂಟ್ವಾಳದ ಅಕ್ಕನ ದಾರಿಯೇ ಹಿಡಿದೆ. ಆದರೆ ‘ನೋ ನಡೆ’ ಟೈಪು ಮಾಡಿ ಕಳಿಸಿದ್ದಕ್ಕೆ ಫ್ಲೆಕ್ಸಿನ ಹುಡುಗ ಫೋನ್ ಮಾಡಿ, ‘ಮೇಡಂ, ಇದು ನೋ ಪಾರ್ಕಿಂಗ್ ಥರವಾ? ಅಲ್ಲಿ ನಡೀಬಾರದಾ?’ ಅಂತ ಕೇಳಿದ! ಅವನದ್ದು ತಪ್ಪಲ್ಲ. ಕನ್ನಡದಲ್ಲಿ ಬರೆದಾಗ ಆ ಪಾಪದ ಜಪಾನಿ ಕಲೆ ನಿಷೇಧಾಜ್ಞೆ ಆಗಿಬಿಡುತ್ತದೆ.

ಹಾಗಾಗಿ ತಲೆಬರಹ ‘ಮುಖವಾಡದಂಥ ಮುಖ’. ಎಂಟು ಅಕ್ಷರ, ಒತ್ತು ಒಂದೂ ಇಲ್ಲ. ಕೆಳಗೆ ‘ಜಪಾನಿನ ನೋ ರಂಗದ ನಡೆಯಲ್ಲಿ’ ಅಂತ ಬಿಡಿಸಿ ಹೇಳಿ, ಒಂದು ಸಾಲು ನಾನೇ ಸೇರಿಸಿದೆ: ಮರದ ಮುಖವಾಡವನ್ನು ಚೂರು ಮೇಲೆತ್ತಿದರೆ ಬೆಳಕು ಬಿದ್ದು ನಕ್ಕ ಹಾಗೆ, ಚೂರು ತಗ್ಗಿಸಿದರೆ ಮೋಡ ಕವಿದ ಹಾಗೆ ಕಾಣುತ್ತದೆ, ಯಮಾಡಾ ತನ್ನ ಮುಖವನ್ನು ಹಾಗೆ ಹಿಡಿದಿದ್ದಾರೆ. ಮಾವನಿಗೆ ಓದಿದೆ. ‘ಹಾಂ, ಹಾಗೆ ಹೇಳು, ಒಳ್ಳೆ ವೇಷ’ ಅಂದರು. ಕೋಟದವರೇ, ನಿಮ್ಮ ಗತ್ತು ಎಂಟನೆಯ ಫಲಕಕ್ಕೆ, ಕಬುಕಿಗೆ ಹೋಯಿತು. ಅಲ್ಲಿ ನಾನು ‘ಭಂಗಿ’ ಅಂತ ಹಾಕಿದ್ದೆ, ಯೋಗಾಸನದ ಹಾಗೆ ಕಾಣುತ್ತಿತ್ತು.

ಸುರತ್ಕಲ್. ಸಂಜೆ 5.25

‘ಮುಖ’ ಸಂಸ್ಕೃತ. ‘ಮೊಗವಾಡದಂಥ ಮೊಗ’ ಆಗಬೇಕಿತ್ತು. ಅಕ್ಷರ ಲೆಕ್ಕವೂ ಅಷ್ಟೇ.

ಕುಂಜಿಬೆಟ್ಟು. ಸಂಜೆ 5.27

ಅಚ್ಚಿಗೆ ಹೋಗಿ ಆಯಿತು ಭಟ್ರೇ.